ಅಕ್ಕನ ಗೊಂಬೆ, ತಮ್ಮನ ಗಂಟಲು

ಐದು ವರ್ಷದ ಅಕ್ಕ, ಹತ್ತು ತಿಂಗಳ ತಮ್ಮ. ಇಬ್ಬರಿಗೂ ಸೇರಿ ಒಂದೇ ಹಜಾರ. ಮುಂಬಯಿಯ ಖೋಲಿಯಿರಲಿ, ದಿಲ್ಲಿಯ ಸರಕಾರಿ ಕ್ವಾರ್ಟರ್ಸ್ ಇರಲಿ, ಚೆನ್ನೈಯ ಬಾಡಿಗೆ ಮನೆಯಿರಲಿ, ಪರವೂರಿನಲ್ಲಿ ಸಂಸಾರ ಹೂಡಿರುವ ನಮ್ಮಲ್ಲಿ ಬಹುಮಂದಿಯ ಮನೆಗಳು ಹೀಗೆಯೇ. ಅಕ್ಕನಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಬೆರಳುದ್ದದ ಗೊಂಬೆಗಳ ಒಂದು ಸೆಟ್ಟು ಬಂದಿದೆ: ಅಪ್ಪ, ಅಮ್ಮ, ಪುಟ್ಟ ಮಗು, ನಾಯಿ, ಮಂಚ, ಕುರ್ಚಿ, ಸಾಸಿವೆಗಿಂತ ತುಸು ದೊಡ್ಡದಾದ ಬಟ್ಟಲುಗಳು. ಅವಳು ಅದನ್ನೆಲ್ಲ ಚಾಪೆಯ ಮೇಲೆ ಹರಡಿಕೊಂಡು ಕುಳಿತೊಡನೆಯೇ ತಮ್ಮನು ಅಂಬೆಗಾಲಿಡುತ್ತ ಅತ್ತ ಹೊರಡುತ್ತಾನೆ. ಅವಳಿಗೆ ಅದೊಂದು ಸಂಸಾರ. ಅವನಿಗೆ ಬಾಯಿಗಿಟ್ಟು ನೋಡಬೇಕಾದ ಇನ್ನೊಂದು ವಸ್ತು.

ಅಂಗಡಿಯಲ್ಲಿ ನಾವು ಸಾಮಾನ್ಯವಾಗಿ ಕೇಳುವುದು “ಐದು ವರ್ಷದ ಮಗುವಿಗೆ ಏನಿದೆ?” ಎಂದು. ಇಬ್ಬರು ಮಕ್ಕಳಿರುವ ಮನೆಯವರು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ಈ ಸೆಟ್ಟಿನ ಅತ್ಯಂತ ಚಿಕ್ಕ ತುಣುಕು ಮನೆಯ ಅತ್ಯಂತ ಚಿಕ್ಕ ಮಗುವಿನ ಬಾಯಿಯೊಳಕ್ಕೆ ಹೋಗುವುದೇ? ಹೋಗುವುದಾದರೆ ಅದು ನೆಲದ ಮೇಲೆ ಇರಕೂಡದು.

ಶಿಶುವಿನ ಶ್ವಾಸನಾಳವು ಹೆಚ್ಚುಕಡಿಮೆ ಆ ಶಿಶುವಿನ ಕಿರುಬೆರಳಿನಷ್ಟೇ ದಪ್ಪ. ಜಗಿಯಲು ದವಡೆಹಲ್ಲುಗಳು ಬಂದಿರುವುದಿಲ್ಲ. ನುಂಗುವಾಗ ಉಸಿರನ್ನು ಹಿಡಿದು ಬಿಡುವ ಹೊಂದಾಣಿಕೆ ಇನ್ನೂ ಪಕ್ವವಾಗಿರುವುದಿಲ್ಲ. ದೊಡ್ಡವರಂತೆ ರಭಸದಿಂದ ಕೆಮ್ಮಿ ಹೊರಹಾಕುವ ಬಲವೂ ಇಲ್ಲ. ಆದುದರಿಂದಲೇ ಪೆಟ್ಟಿಗೆಗಳ ಮೇಲೆ “ಮೂರು ವರ್ಷಕ್ಕಿಂತ ಕಿರಿಯರಿಗಲ್ಲ” ಎಂದು ಮುದ್ರಿಸುತ್ತಾರೆ. ನಮ್ಮ ತಂದೆತಾಯಿಗಳು ಅದನ್ನು ಓದುವ ರೀತಿ ವಿಚಿತ್ರ. “ನಮ್ಮ ಮಗು ಬಲು ಚುರುಕು, ಎರಡಕ್ಕೇ ಇದನ್ನು ಆಡುತ್ತಾನೆ” ಎಂದು ಹೆಮ್ಮೆಪಡುತ್ತಾರೆ. ಆ ಬರಹ ಬುದ್ಧಿಯ ಅಳತೆಯಲ್ಲ, ಗಂಟಲಿನ ಅಳತೆ. ಎಷ್ಟು ಜಾಣ ಮಗುವಾದರೂ ಅದರ ಶ್ವಾಸನಾಳ ವಯಸ್ಸಿಗೆ ಮುಂಚೆ ಅಗಲವಾಗುವುದಿಲ್ಲ.

ಆಟಿಕೆಗಳನ್ನು ಪರೀಕ್ಷಿಸುವವರು ಬಳಸುವ ಕೊಳವೆಯ ಬಾಯಿ 31.7 ಮಿಲಿಮೀಟರ್ ಅಗಲ. ಅದರ ಓರೆಯಾದ ತಳ ಒಂದು ಬದಿಯಲ್ಲಿ 25.4, ಇನ್ನೊಂದು ಬದಿಯಲ್ಲಿ 57.1 ಮಿಲಿಮೀಟರ್ ಆಳ. ಅದರೊಳಗೆ ಪೂರ್ತಿ ಅಡಗುವ ತುಣುಕು ಮೂರು ವರ್ಷದೊಳಗಿನವರಿಗೆ ತಕ್ಕುದಲ್ಲ. ದುಂಡನೆಯ ವಸ್ತು ಗಂಟಲನ್ನು ಬಿರಡೆಯಂತೆ ಮುಚ್ಚಿಬಿಡುವುದರಿಂದ ಚೆಂಡುಗಳಿಗೆ ಇನ್ನೂ ಬಿಗಿಯಾದ ಮಿತಿಯುಂಟು. ಅಮೆರಿಕದ 1994ರ ಕಾಯಿದೆಯ ಪ್ರಕಾರ ಅದು 44.5 ಮಿಲಿಮೀಟರ್. ಮನೆಯಲ್ಲಿ ಇಷ್ಟು ಸಾಕು: ದಪ್ಪ ರಟ್ಟುಕಾಗದವನ್ನು ಸುರುಳಿ ಸುತ್ತಿ, ಬಾಯಿ ನಾಲ್ಕೂವರೆ ಸೆಂಟಿಮೀಟರ್, ಉದ್ದ ಆರು ಸೆಂಟಿಮೀಟರ್ ಇರುವಂತೆ ಒಂದು ಕೊಳವೆ ಮಾಡಿಕೊಳ್ಳಿರಿ. ಗೊಂಬೆಯನ್ನಷ್ಟೇ ಅಲ್ಲ, ಅದರ ಟೋಪಿ, ಚಕ್ರ, ಕೈಚೀಲ, ಕಳಚಿ ಬರುವ ಕೂದಲು, ಎಲ್ಲವನ್ನೂ ಅದರಲ್ಲಿಳಿಸಿ ನೋಡಿರಿ. ಒಳಗೆ ಅಡಗಿದ್ದು ಅಕ್ಕನ ಪಾಲು. ಅಡಗದೆ ಹೊರಗುಳಿದದ್ದು ಇಬ್ಬರ ಪಾಲು.

ಈ ತಿಳಿವಳಿಕೆ ಸುಲಭವಾಗಿ ಬಂದುದಲ್ಲ. ಅಮೆರಿಕದ ಫಿಷರ್-ಪ್ರೈಸ್ ಕಂಪನಿ 1959ರಿಂದ ಬಸ್ಸಿನಲ್ಲಿ, ಮನೆಯಲ್ಲಿ ಕೂರಿಸುವ ಗೂಟದಂಥ ಪುಟ್ಟ ಗೊಂಬೆಗಳನ್ನು ಮಾಡುತ್ತಿತ್ತು. ಒಂದು ಪೀಳಿಗೆಯ ಮಕ್ಕಳು ಅವುಗಳೊಡನೆ ಬೆಳೆದರು. ಆದರೆ ದುಂಡು ತಲೆ, ಸಪೂರ ಮೈಯ ಆ ರೂಪ ಎಳೆಯ ಗಂಟಲಿಗೆ ಅಪಾಯವೆಂಬ ಆಕ್ಷೇಪ ಬೆಳೆಯಿತು. 1986ರಲ್ಲಿ ಎಡ್ವರ್ಡ್ ಸ್ವಾರ್ಟ್ಸ್ ಎಂಬ ವಕೀಲರು ಬರೆದ ಪುಸ್ತಕದ ಮುಖಪುಟದಲ್ಲಿ ಅವೇ ಗೊಂಬೆಗಳಿದ್ದವು. ಕಡೆಗೆ 1991ರಲ್ಲಿ ಗೊಂಬೆಗಳ ಮೈಯನ್ನು ದಪ್ಪಗೊಳಿಸಲಾಯಿತು. ಹಳೆಯ ಸೆಟ್ಟುಗಳು ಇಂದಿಗೂ ಕೈಯಿಂದ ಕೈಗೆ ಸಾಗುತ್ತಿರುತ್ತವೆ. ವಿದೇಶದ ಬಂಧುಗಳು ತಮ್ಮ ಮಕ್ಕಳು ಆಡಿಬಿಟ್ಟ ಗೊಂಬೆಗಳನ್ನು ತಂದುಕೊಟ್ಟಾಗ ಮೊದಲು ಕೊಳವೆಯನ್ನು ತೆಗೆಯಿರಿ, ಆಮೇಲೆ ಕೃತಜ್ಞತೆ ಹೇಳಿರಿ.

ಇಂದು ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವ ಲೆಗೊ ಕಂಪನಿಯ 1978ರ ಮಾದರಿಯ ಗೊಂಬೆ ಸುಮಾರು ನಾಲ್ಕು ಸೆಂಟಿಮೀಟರ್ ಎತ್ತರ. ಕೊಳವೆಯಲ್ಲಿ ಸಲೀಸಾಗಿ ಅಡಗುತ್ತದೆ. 1974ರಲ್ಲಿ ಜರ್ಮನಿಯಲ್ಲಿ ಹೊರಬಂದ ಪ್ಲೇಮೊಬಿಲ್ ಗೊಂಬೆ ಏಳೂವರೆ ಸೆಂಟಿಮೀಟರ್. ಮೈ ಅಡಗದಿದ್ದರೂ ಅದರ ಕೂದಲು, ಟೋಪಿಗಳು ಅಡಗುತ್ತವೆ. ಈ ಎರಡೂ ಕಂಪನಿಗಳು ಒಂದೂವರೆ ವರ್ಷದ ಸುಮಾರಿನ ಮಕ್ಕಳಿಗೆಂದೇ ಬಿಡಿಭಾಗ ಕಳಚದ ದಪ್ಪ ಗೊಂಬೆಗಳನ್ನು ಬೇರೆಯಾಗಿ ಮಾಡಿವೆ. ಇಬ್ಬರು ಮಕ್ಕಳಿರುವ ಮನೆಗೆ ಮೊದಲು ಕೊಳ್ಳಬೇಕಾದದ್ದು ಆ ದಪ್ಪನೆಯ ಬಗೆಯನ್ನು. ಐದು ವರ್ಷದವಳಿಗೆ ಅದು ಕೀಳೆನಿಸೀತೆಂಬ ಶಂಕೆ ಬೇಡ. ಗೊಂಬೆ ದಪ್ಪಗಿದ್ದರೆ ಕಥೆ ತೆಳ್ಳಗಾಗುವುದಿಲ್ಲ.

ನಮ್ಮ ನಾಡಿನ ಗೊಂಬೆಗಳ ಮಾತನ್ನೂ ಆಡಬೇಕು. ಊರಿಗೆ ಹೋದವರು ಚನ್ನಪಟ್ಟಣದ ಗೊಂಬೆಗಳನ್ನು ತರದೆ ಮರಳುವುದು ಅಪರೂಪ. ಹಾಲೆ ಮರವನ್ನು ಕಡೆದು, ತಿರುಗುವ ಮರದ ಮೇಲೆ ಬಣ್ಣದ ಅರಗನ್ನು ಒತ್ತಿ ಮೆರುಗು ಕೊಟ್ಟ ಈ ಗೊಂಬೆಗಳು ನುಣುಪು, ಮೂಲೆ ಮೊನೆಗಳಿಲ್ಲದವು. ಸಸ್ಯಜನ್ಯ ಬಣ್ಣದವಾದರೆ ಚೀಪುವ ಮಗುವಿಗೂ ಒಳ್ಳೆಯವು. ಆದರೆ ಅವುಗಳಲ್ಲಿಯೂ ಗುಬ್ಬಿ ಗಾತ್ರದ ಅಡುಗೆ ಪಾತ್ರೆಗಳಿವೆ, ಮಣಿಗಳಿವೆ. ತವರಿನ ಅಭಿಮಾನದಿಂದ ಮಣಿ ದೊಡ್ಡದಾಗದು! ಪುಣೆಯ ತುಳಸಿಬಾಗಿನ ಹಿತ್ತಾಳೆಯ ಅಡುಗೆ ಆಟಕ್ಕೂ ಇದೇ ಮಾತು. ಇನ್ನು ದಸರೆಗೆ ಕೂರಿಸುವ ಕೊಂಡಪಲ್ಲಿಯ, ಕಿನ್ನಾಳದ ಗೊಂಬೆಗಳೂ ಮೈಲಾಪುರದಲ್ಲಿ ಸಿಗುವ ಮಣ್ಣಿನ ಗೊಂಬೆಗಳೂ ನೋಡುವುದಕ್ಕೆ, ಬಾಯಿಗಲ್ಲ. ಬಣ್ಣದ ವಿಚಾರ ತಿಳಿಯದಿದ್ದರೆ ಮೇಲಿನ ಮೆಟ್ಟಿಲಿನಲ್ಲೇ ಇರಲಿ.

ಭಾರತದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐ.ಎಸ್.ಐ. ಮುದ್ರೆ ಕಡ್ಡಾಯವಾಗಿದೆ. ನೋಂದಾಯಿತ ಕುಶಲಕರ್ಮಿಗಳ ಕೈಕೆಲಸಕ್ಕೂ ಭೌಗೋಳಿಕ ಗುರುತು ಪಡೆದ ಆಟಿಕೆಗಳಿಗೂ ವಿನಾಯಿತಿಯಿರುವುದರಿಂದ ಚನ್ನಪಟ್ಟಣದ ಗೊಂಬೆಯ ಮೇಲೆ ಮುದ್ರೆ ಕಾಣದಿದ್ದರೆ ಗಾಬರಿ ಬೇಡ. ಆದರೆ ಸದರ್ ಬಜಾರಿನಲ್ಲೋ ಕ್ರಾಫರ್ಡ್ ಮಾರ್ಕೆಟ್ಟಿನ ಸುತ್ತಣ ಗಲ್ಲಿಗಳಲ್ಲೋ ಕೊಳ್ಳುವ ಪ್ಲಾಸ್ಟಿಕ್ ಸೆಟ್ಟಿನ ಮೇಲೆ ಮುದ್ರೆಯಿಲ್ಲದಿದ್ದರೆ, ಎಷ್ಟು ಅಗ್ಗವಾದರೂ, ಬಿಟ್ಟುಬನ್ನಿರಿ. ದೀಪ ಬೆಳಗುವ, ಹಾಡುವ ಗೊಂಬೆಮನೆಗಳಲ್ಲಿ ಬ್ಯಾಟರಿಯ ಮುಚ್ಚಳ ತಿರುಪಿನಿಂದ ಭದ್ರವಾಗಿರಬೇಕು. ಗುಂಡಿಯಾಕಾರದ ಬ್ಯಾಟರಿ ನುಂಗಿದರೆ ಎರಡೇ ಗಂಟೆಗಳಲ್ಲಿ ಅನ್ನನಾಳವನ್ನು ಸುಡಬಲ್ಲದು. ವಾಂತಿ ಮಾಡಿಸಲು ಹೋಗದೆ ಆ ಕ್ಷಣವೇ ಆಸ್ಪತ್ರೆಗೆ ಒಯ್ಯತಕ್ಕದ್ದು. ಸಣ್ಣ ಅಯಸ್ಕಾಂತಗಳಿರುವ ಸೆಟ್ಟನ್ನು ಮನೆಗೆ ತರಲೇಬೇಡಿರಿ.

ಅಕ್ಕನ ಸಣ್ಣ ಗೊಂಬೆಗಳನ್ನು ಕಿತ್ತುಕೊಂಡು ಅಟ್ಟಕ್ಕೆಸೆಯುವುದು ಸುಲಭ, ನ್ಯಾಯವಲ್ಲ. ತಮ್ಮ ಹುಟ್ಟಿದಂದಿನಿಂದ ಅವಳು ಅಮ್ಮನ ಮಡಿಲನ್ನೂ ರಾತ್ರಿಯ ಕಥೆಯನ್ನೂ ಹಂಚಿಕೊಂಡಿದ್ದಾಳೆ. ಅವಳಿಗೆ ಊಟದ ಮೇಜನ್ನೋ ಮಂಚವನ್ನೋ ಬಿಟ್ಟುಕೊಡಿರಿ. ಮೇಲೆ ಅವಳ ರಾಜ್ಯ, ಕೆಳಗೆ ಇಬ್ಬರ ರಾಜ್ಯ. ತಮ್ಮನು ಮಲಗಿದ ಹೊತ್ತು ಅವಳ ಸಣ್ಣ ಗೊಂಬೆಗಳ ಹೊತ್ತು. ಆದರೆ ಕಾವಲು ಕಾಯುವ ಹೊಣೆಯನ್ನು ಅವಳ ತಲೆಗೆ ಕಟ್ಟಬೇಡಿರಿ, ಅದು ಹಿರಿಯರದು.

ಕೆಳಗಿನ ಆಟದಲ್ಲಿ ವರ್ಷ ತುಂಬಿದ ಮಗು ಗೊಂಬೆಗಳನ್ನು ಡಬ್ಬಿಗೆ ತುಂಬುವುದು, ಸುರಿಯುವುದು, ಇಷ್ಟನ್ನೇ ಮಾಡೀತು. ಎರಡರ ಹೊತ್ತಿಗೆ ಗೊಂಬೆಗೆ ಉಣಿಸೀತು, ಮಲಗಿಸೀತು. ಮೂರು ನಾಲ್ಕರಲ್ಲಿ ಕಥೆ ಹುಟ್ಟುತ್ತದೆ. ದೊಡ್ಡ ತೆರೆದ ಮನೆ, ಒಂದು ಬಂಡಿ, ದನ ಕುರಿಗಳು, ಆರೆಂಟು ಜನ ಇರುವ ಸೆಟ್ಟು ಈ ಎಲ್ಲ ವಯಸ್ಸಿಗೂ ಒದಗುತ್ತದೆ: ಕಿರಿಯವನು ಬಂಡಿಗೆ ತುಂಬಲಿ, ಹಿರಿಯವಳು ಊರಿಗೆ ಕಳುಹಿಸಲಿ. ಜನರಲ್ಲಿ ಒಬ್ಬ ಅಜ್ಜ, ಒಬ್ಬಳು ಅಜ್ಜಿ ಇರುವಂತೆ ನೋಡಿಕೊಳ್ಳಿರಿ. ಶಾಲೆಯಲ್ಲಿ ದಿನವೆಲ್ಲ ಹಿಂದಿಯನ್ನೋ ಮರಾಠಿಯನ್ನೋ ಆಡಿ ಬಂದ ಹುಡುಗಿ ಗೊಂಬೆ ಅಜ್ಜಿಯ ಬಾಯಲ್ಲಿ ಕನ್ನಡವನ್ನೇ ಆಡಿಸುತ್ತಾಳೆ. ಧಾರವಾಡದ ಅಜ್ಜಿಯಾದರೆ ಧಾರವಾಡದ ಕನ್ನಡವನ್ನೇ!

ಇಷ್ಟಾದರೂ ಅವಘಡ ಸಂಭವಿಸಬಹುದು. ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿರಿ. ನೀರು, ಬಾಳೆಹಣ್ಣು ಕೊಡಬೇಡಿರಿ. ಕಾಣದ ವಸ್ತುವಿಗಾಗಿ ಗಂಟಲಿಗೆ ಬೆರಳು ಹಾಕಬೇಡಿರಿ. ಕೆಮ್ಮಲಾಗದೆ, ದನಿಯಿಲ್ಲದೆ ಒದ್ದಾಡಿದರೆ, ವರ್ಷದೊಳಗಿನ ಶಿಶುವನ್ನು ಮುಂಗೈಯ ಮೇಲೆ ತಲೆ ತಗ್ಗಿರುವಂತೆ ಬೋರಲಾಗಿಸಿ, ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ ಐದು ಪೆಟ್ಟು ಕೊಡಿರಿ. ಬಳಿಕ ಅಂಗಾತವಾಗಿಸಿ ಎದೆಯ ನಡುಮೂಳೆಯನ್ನು ಐದು ಬಾರಿ ಒತ್ತಿರಿ. ವರ್ಷ ದಾಟಿದವರಿಗೆ ಬೆನ್ನಿಗೆ ಐದು ಪೆಟ್ಟು, ಅನಂತರ ಹಿಂದಿನಿಂದ ತಬ್ಬಿ ಹೊಕ್ಕುಳಿಗಿಂತ ತುಸು ಮೇಲೆ ಒಳಕ್ಕೂ ಮೇಲಕ್ಕೂ ಐದು ಒತ್ತು. ವಸ್ತು ಹೊರಬೀಳುವವರೆಗೆ ಇದೇ ಕ್ರಮ. ಇನ್ನೊಬ್ಬರು ಕೂಡಲೇ 112ಕ್ಕೆ ಕರೆಮಾಡಲಿ. ಮಗು ಪ್ರಜ್ಞೆ ತಪ್ಪಿದರೆ ಎದೆಯೊತ್ತುವ, ಉಸಿರೂದುವ ಚಿಕಿತ್ಸೆ ಬೇಕು. ಅದನ್ನು ಓದಿ ಕಲಿಯಲಾಗದು, ತರಬೇತಿ ಪಡೆದೇ ಕಲಿಯಬೇಕು.

ಕೆಲವೊಮ್ಮೆ ಉಸಿರುಕಟ್ಟಿ ಮಗು ಸುಧಾರಿಸಿಕೊಂಡಂತೆ ತೋರಿ, ದಿನಗಟ್ಟಲೆ ಕೆಮ್ಮು, ಗೊರಗೊರ ಸದ್ದು ಉಳಿಯುತ್ತದೆ. ತುಣುಕು ಶ್ವಾಸಕೋಶದ ಕವಲಿನಲ್ಲಿ ಕುಳಿತಿರಬಹುದು. ಪ್ಲಾಸ್ಟಿಕ್ಕೂ ಮರವೂ ಸಾಮಾನ್ಯವಾಗಿ ಎಕ್ಸ್‌ರೇ ಚಿತ್ರದಲ್ಲಿ ಕಾಣುವುದಿಲ್ಲ. ಆಗ ವೈದ್ಯರಿಗೆ ದಾರಿ ತೋರುವುದು ಮನೆಯವರ ಮಾತು: “ಗೊಂಬೆಯ ಟೋಪಿಯೊಂದು ಸೋಮವಾರದಿಂದ ಸಿಕ್ಕುತ್ತಿಲ್ಲ.”

ಈ ಮಾತು ಹೇಳಲು ಎಣಿಕೆ ಗೊತ್ತಿರಬೇಕು. ಅಕ್ಕನ ಡಬ್ಬಿಯ ಮುಚ್ಚಳದ ಒಳಬದಿಗೆ ಒಂದು ಚೀಟಿ ಅಂಟಿಸಿ: ಜನ 4, ನಾಯಿ 1, ಕುರ್ಚಿ 4, ಬಟ್ಟಲು 6. ಮಲಗುವ ಮುನ್ನ ಅವಳೂ ನೀವೂ ಕೂಡಿ ಎಣಿಸಿರಿ. ಬಟ್ಟಲು ಐದೇ ಇದ್ದರೆ, ಬೆಳಿಗ್ಗೆ ತಮ್ಮನನ್ನು ನೆಲಕ್ಕೆ ಬಿಡುವ ಮೊದಲು ಚಾಪೆಯನ್ನು ಕೊಡವಿ ನೋಡಿರಿ.