ನಿಮಗಿದು ಗೊತ್ತೆ? ಸಾವಿರ ಕಿಟಕಿಗಳ ಬೆರಾತ್

● ಅಲ್ಬೇನಿಯಾದ ಬೆರಾತ್‌ಗೆ ‘ಸಾವಿರ ಕಿಟಕಿಗಳ ಊರು’ ಎಂಬ ಅಡ್ಡಹೆಸರಿದೆ. ಓಸುಮ್ ನದಿದಂಡೆಯ ಗುಡ್ಡದ ಇಳಿಜಾರಿನಲ್ಲಿ ಒಂದರ ಮೇಲೊಂದು ಏರಿ ನಿಂತ ಬಿಳಿ ಮನೆಗಳಿಗೆ ದೊಡ್ಡ ದೊಡ್ಡ ಕಿಟಕಿಗಳದೇ ಸಾಲು.

● ಕೋಟೆಯ ಬುಡದ ಮಂಗಲೆಮ್ ಮುಸ್ಲಿಮರ, ನದಿಯಾಚೆಯ ಗೊರಿತ್ಸಾ ಕ್ರೈಸ್ತರ ಹಳೆಯ ಕೇರಿ.

● ಗುಡ್ಡದ ಮೇಲಿನ ಕೋಟೆ ಪಾಳುಬಿದ್ದಿಲ್ಲ. ಒಳಗೆ ಇಂದಿಗೂ ಜನವಸತಿಯಿದೆ.

● ಕೋಟೆಯ ಚರ್ಚೊಂದರಲ್ಲಿ, ಕಡುಗೆಂಪು ಬಣ್ಣಕ್ಕೆ ಹೆಸರಾದ 16ನೇ ಶತಮಾನದ ಚಿತ್ರಕಾರ ಒನುಫ್ರಿಯ ಹೆಸರಿನ ವಸ್ತುಸಂಗ್ರಹಾಲಯವಿದೆ.

● ನೇರಳೆ ಬಣ್ಣ ಹಾಕಿದ ಚರ್ಮದ ಹಾಳೆಗಳ ಮೇಲೆ ಬೆಳ್ಳಿಯ ಅಕ್ಷರಗಳಲ್ಲಿ ಬರೆದ 6ನೇ ಶತಮಾನದ ಸುವಾರ್ತೆಗಳ ಹಸ್ತಪ್ರತಿಯನ್ನು ಶತಮಾನಗಳ ಕಾಲ ಕಾಪಾಡಿದ್ದು ಇದೇ ಊರು. ಅದೀಗ ರಾಜಧಾನಿ ತಿರಾನಾದಲ್ಲಿದೆ.

● 2008ರಲ್ಲಿ ಬೆರಾತ್ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು.