ಮೊಣಕೈ ನೋವೇ? ಸೂಜಿಗೆ ಅವಸರ ಬೇಡ

ತೊಗರಿ ಕೊಯ್ಲು, ಹತ್ತಿ ಬಿಡಿಸುವುದು ಎರಡೂ ಒಟ್ಟೊಟ್ಟಿಗೆ ಬರುವ ದಿನಗಳಲ್ಲಿ ಮುದಗಲ್, ಮಸ್ಕಿ, ಲಿಂಗಸುಗೂರು ಕಡೆಯ ಹಳ್ಳಿಗಳಲ್ಲಿ ಕೈ ನೋವಿನ ಮಾತು ಕೇಳಿಬರುತ್ತದೆ. ನಿಮ್ಮಲ್ಲಿಯೂ ಹಲವರಿಗೆ ಇದರ ಅನುಭವ ಇದ್ದೀತು. ಬೆಳಿಗ್ಗೆ ಎದ್ದು ನೀರು ತುಂಬಿದ ತಂಬಿಗೆ ಎತ್ತಲು ಹೋದರೆ ಮೊಣಕೈಯ ಹೊರಮಗ್ಗುಲಲ್ಲಿ ಚಳುಕು ಹೊಡೆಯುತ್ತದೆ. ಒದ್ದೆ ಸೀರೆ ಹಿಂಡಲಾಗದು. ರೊಟ್ಟಿ ಬಡಿಯುವಾಗ ಕೈ ಸೋಲುತ್ತದೆ. ಕುಡಗೋಲಿನ ಹಿಡಿತ ಸಡಿಲವಾಗುತ್ತದೆ. "ವಾಯು ಹಿಡಿದಿದೆ" ಎಂದು ಎಣ್ಣೆ ತಿಕ್ಕಿಸಿಕೊಳ್ಳುವುದು, ಅದಕ್ಕೆ ಬಗ್ಗದಿದ್ದರೆ ಒಂದು ಸೂಜಿ ಹಾಕಿಸಿಕೊಂಡು ಮರುದಿನವೇ ಹೊಲಕ್ಕೆ ಹೋಗುವುದು ವಾಡಿಕೆ. ದಿನದ ಕೂಲಿ ತಪ್ಪಿದರೆ ಒಲೆ ಹೊತ್ತದ ಮನೆಯವರು ಹೀಗೆ ಮಾಡುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ಸೂಜಿಯೇ ಮುಂದೆ ಹೆಚ್ಚು ದಿನದ ಕೂಲಿ ಕಳೆಯಬಹುದು ಎಂಬುದನ್ನು ತಿಳಿದಿರುವುದು ಒಳ್ಳೆಯದು.

ನೋವಿನ ಮೂಲ

ಮೊಣಕೈಯ ಹೊರಗಡೆ ಕೈಗೆ ಸಿಗುವ ಎಲುಬಿನ ಗುಬ್ಬಿ ಇದೆಯಷ್ಟೆ. ಹಸ್ತವನ್ನು ಹಿಂದಕ್ಕೆ ಎತ್ತುವ ಸ್ನಾಯುಗಳೆಲ್ಲ ಒಂದು ಗಟ್ಟಿ ಹುರಿಯಾಗಿ ಬಂದು ಅಲ್ಲಿಗೆ ಅಂಟಿಕೊಂಡಿವೆ. ನೀವು ಏನನ್ನೇ ಬಿಗಿಯಾಗಿ ಹಿಡಿದರೂ ಮಣಿಕಟ್ಟು ಬಾಗದಂತೆ ಇವು ಹಿಂದಿನಿಂದ ಎಳೆದು ನಿಲ್ಲಿಸಬೇಕು. ಹಾಗಾಗಿ ಮುಷ್ಟಿ ಬಿಗಿದಷ್ಟೂ ಆ ಹುರಿಯ ಮೇಲೆ ಜಗ್ಗು ಬೀಳುತ್ತದೆ. ಬಾವಿಯ ಹಗ್ಗ ಒಮ್ಮೆಲೇ ಹರಿಯುವುದಿಲ್ಲ, ಗಾಲಿಗೆ ಉಜ್ಜುವ ಕಡೆ ಎಳೆ ಎಳೆಯಾಗಿ ಸವೆಯುತ್ತದೆ. ಇಲ್ಲಿಯೂ ಹಾಗೆಯೇ. ದಿನದ ಸವೆತವನ್ನು ರಾತ್ರಿಯ ವಿಶ್ರಾಂತಿ ತುಂಬಿಕೊಡುತ್ತದೆ. ಸುಗ್ಗಿಯಲ್ಲಿ ಸವೆತ ಹೆಚ್ಚಿ ದುರಸ್ತಿ ಹಿಂದೆ ಬೀಳುತ್ತದೆ. 35ರಿಂದ 55 ವರ್ಷದವರಲ್ಲಿ ಈ ತೊಂದರೆ ಹೆಚ್ಚು.

ವೈದ್ಯರು ಇದನ್ನು 'ಟೆನ್ನಿಸ್ ಎಲ್ಬೋ' ಎನ್ನುತ್ತಾರೆ. ಟೆನ್ನಿಸ್ ಬ್ಯಾಟು ಕಂಡೂ ಇಲ್ಲದ ನಮ್ಮವರಿಗೆ ಈ ಹೆಸರು ನಗೆ ತರಿಸಿದರೆ ತಪ್ಪಲ್ಲ. 1873ರಲ್ಲಿ ಜರ್ಮನಿಯ ರುಂಗೆ ಎಂಬ ವೈದ್ಯ ಇದನ್ನು ಮೊದಲು ವಿವರಿಸಿದಾಗ ಆಟದ ಮಾತೇ ಇರಲಿಲ್ಲ, ಬರೆಯುವವರ ಕೈ ನೋವೆಂದು ಹೇಳಿದ್ದ. ಹತ್ತು ವರ್ಷದ ನಂತರ ಇಂಗ್ಲೆಂಡಿನಲ್ಲಿ ಟೆನ್ನಿಸಿನ ಹೆಸರು ಅಂಟಿಕೊಂಡಿತು. ನಿಜಕ್ಕೂ ಇದು ಕುಡಗೋಲು, ಕುರ್ಚಿಗಿ, ಸುತ್ತಿಗೆ ಹಿಡಿಯುವವರ ಕಾಯಿಲೆ.

ಯಾವ ಕೆಲಸದಲ್ಲಿ ಹೆಚ್ಚು? ಒಣಗಿದ ತೊಗರಿ ಕಟ್ಟಿಗೆಯನ್ನು ಮೊಂಡು ಕುಡಗೋಲಿನಿಂದ ಕೊಯ್ಯುವುದು ಮೊದಲನೆಯದು. ಅಲಗು ಮೊಂಡಾದಷ್ಟೂ ಮುಷ್ಟಿ ಬಿಗಿಯಬೇಕು, ಹೊಡೆತದ ಅದುರು ನೇರ ಮೊಣಕೈಗೆ ಏರುತ್ತದೆ. ಬೆನ್ನಿಗೆ ಪಂಪು ಕಟ್ಟಿ ಎಣ್ಣೆ ಹೊಡೆಯುವಾಗ ಒಂದೇ ಕೈ ದಿನವಿಡೀ ಹಿಡಿಕೆ ಒತ್ತುತ್ತಿರುತ್ತದೆ. ಹತ್ತಿ ಬಿಡಿಸುವ ಹೆಣ್ಣುಮಕ್ಕಳು ಸಾವಿರಾರು ಸಲ ಮಣಿಕಟ್ಟು ತಿರುವಿ ಕಾಯಿಯಿಂದ ಅರಳೆ ಕೀಳುತ್ತಾರೆ, ಸಂಜೆ ಮನೆಗೆ ಬಂದು ಅದೇ ಕೈಯಿಂದ ರೊಟ್ಟಿ ಬಡಿದು ಎಮ್ಮೆ ಹಿಂಡುತ್ತಾರೆ. ಗಂಡಸರ ಕೈಗೆ ಸಂಜೆಯಾದರೂ ಬಿಡುವುಂಟು, ಅವರ ಕೈಗೆ ಅದೂ ಇಲ್ಲ.

ಮನೆಯಲ್ಲೇ ಪರೀಕ್ಷೆ

ಕೈಯನ್ನು ಮುಂದೆ ನೇರ ಚಾಚಿ, ಅಂಗೈ ಕೆಳಗೆ ಮಾಡಿ, ಮುಷ್ಟಿ ಹಿಡಿದು ಮೇಲಕ್ಕೆತ್ತಿ. ಇನ್ನೊಬ್ಬರು ಅದನ್ನು ಕೆಳಕ್ಕೆ ಒತ್ತಲಿ. ಆಗ ಮೊಣಕೈಯ ಹೊರಗುಬ್ಬಿಯಲ್ಲಿ ನೋವು ಎದ್ದರೆ ಇದೇ ಕಾಯಿಲೆ ಇರುವ ಸಂಭವ ಹೆಚ್ಚು. ನೋವು ಒಳಗುಬ್ಬಿಯಲ್ಲಿದ್ದರೆ ಹಸ್ತವನ್ನು ಒಳಕ್ಕೆ ಬಾಗಿಸುವ ಸ್ನಾಯುಗಳ ಹುರಿ ಸವೆದಿದೆ ಎಂದರ್ಥ. ಉಪಚಾರ ಎರಡಕ್ಕೂ ಹೆಚ್ಚು ಕಡಿಮೆ ಒಂದೇ.

ಉಪಚಾರ

ಈ ನೋವು ಬಹುಪಾಲು ಜನರಲ್ಲಿ ಒಂದು ವರ್ಷದೊಳಗೆ ತಾನಾಗಿಯೇ ಮಾಯುತ್ತದೆ. ವರ್ಷವೆಂದರೆ ಕಡಿಮೆಯಲ್ಲ, ನಿಜ. ಅದನ್ನು ಮೊಟಕು ಮಾಡುವ ಕೆಲಸ ನಿಮ್ಮ ಕೈಯಲ್ಲೇ ಇದೆ.

ಮೊದಲು ಭಾರ ಎತ್ತುವ ರೀತಿ ಬದಲಾಗಬೇಕು. ಅಂಗೈ ಕೆಳಗೆ ಮಾಡಿ ಹಿಡಿದೆತ್ತುವ ಬದಲು, ಅಂಗೈ ಮೇಲೆ ಮಾಡಿ ಅಡಿಯಿಂದ ಎತ್ತಿ. ಆಗ ಭಾರ ರಟ್ಟೆಯ ಸ್ನಾಯುವಿಗೆ ಹೋಗುತ್ತದೆ, ಮೊಣಕೈಯ ಹುರಿಗೆ ಬಿಡುವು ಸಿಗುತ್ತದೆ. ಕೊಡ, ಹುಲ್ಲಿನ ಹೊರೆ, ಗೊಬ್ಬರದ ಬುಟ್ಟಿ ಎಲ್ಲಕ್ಕೂ ಇದು ಅನ್ವಯಿಸುತ್ತದೆ. ಕುಡಗೋಲನ್ನು ದಿನವೂ ಮಸೆಯಿರಿ. ಹಿಡಿಕೆ ತೆಳ್ಳಗಿದ್ದರೆ ಹಳೆಯ ಸೈಕಲ್ ಟ್ಯೂಬನ್ನು ಸುತ್ತಿ 3ರಿಂದ 4 ಸೆಂ.ಮೀ. ದಪ್ಪ ಮಾಡಿಕೊಳ್ಳಿ, ಬಿಗಿ ಮುಷ್ಟಿ ಬೇಕಾಗುವುದಿಲ್ಲ, ಅದುರೂ ತಗ್ಗುತ್ತದೆ. ಒಂದೇ ಕೆಲಸವನ್ನು ಇಡೀ ದಿನ ಮಾಡದೆ ತಾಸಿಗೊಮ್ಮೆ ಬದಲಿಸಿ. ಈ ಮಾತು ಕೂಲಿಯವರಿಗಿಂತ ಹೊಲದ ಯಜಮಾನರಿಗೆ ಸೇರಿದ್ದು. ಕೊಯ್ಯುವವರು ಒಂದಷ್ಟು ಹೊತ್ತು ಸೂಡು ಕಟ್ಟಲಿ, ಕಟ್ಟುವವರು ಕೊಯ್ಯಲಿ. ಕೆಲಸವೇನೂ ಕಡಿಮೆಯಾಗದು. ಬ್ಯಾಟರಿ ಪಂಪು ಈಗ ಎಲ್ಲೆಡೆ ಸಿಗುತ್ತದೆ, ನಾಲ್ಕು ಜನ ಸೇರಿ ಒಂದನ್ನು ಕೊಂಡರೂ ಆದೀತು.

ಕೈಯನ್ನು ಪೂರ್ತಿ ಜೋಳಿಗೆಯಲ್ಲಿ ಕಟ್ಟಿ ಇಡಬೇಡಿ. ಸವೆದ ಹುರಿ ಗಟ್ಟಿಯಾಗಲು ಅಳತೆಯ ಕೆಲಸ ಬೇಕು. ಅದಕ್ಕೊಂದು ವ್ಯಾಯಾಮವಿದೆ. ಕಟ್ಟೆಯ ಇಲ್ಲವೆ ಮಂಚದ ಅಂಚಿನ ಮೇಲೆ ಮುಂಗೈ ಊರಿ, ಹಸ್ತ ಅಂಚಿನಾಚೆ ಇರಲಿ, ಅಂಗೈ ನೆಲ ನೋಡಲಿ. ಅರ್ಧ ಲೀಟರಿನ ನೀರಿನ ಬಾಟಲಿ ಹಿಡಿಯಿರಿ. ಇನ್ನೊಂದು ಕೈಯ ನೆರವಿನಿಂದ ಹಸ್ತವನ್ನು ಮೇಲಕ್ಕೆತ್ತಿ, ನೆರವು ಬಿಟ್ಟು, ಐದು ಎಣಿಸುತ್ತ ನಿಧಾನ ಕೆಳಗಿಳಿಸಿ. ಹೀಗೆ 15 ಸಲ, ನಡುವೆ ಒಂದು ನಿಮಿಷ ಬಿಟ್ಟು ಮೂರು ಸುತ್ತು, ದಿನಕ್ಕೊಮ್ಮೆ. ಸ್ವಲ್ಪ ನೋವಾದರೆ ಅಂಜಬೇಡಿ. ಮರುದಿನ ಬೆಳಿಗ್ಗೆ ನೋವು ಮೊದಲಿಗಿಂತ ಹೆಚ್ಚಿದ್ದರೆ ಭಾರ ತಗ್ಗಿಸಿ. ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ನಾಲ್ಕು ದಿನ ಮಾಡಿ ಬಿಟ್ಟರೆ ಪ್ರಯೋಜನವಿಲ್ಲ.

ಈಗ ಸೂಜಿಯ ಮಾತು. ನೋವಿನ ಜಾಗಕ್ಕೇ ಕೊಡುವ ಸೂಜಿಯಲ್ಲಿ ಸಾಮಾನ್ಯವಾಗಿ ಸ್ಟಿರಾಯ್ಡ್ ಔಷಧಿ ಇರುತ್ತದೆ. ನೋವು ಬೇಗ ಇಳಿಯುವುದು ಸುಳ್ಳಲ್ಲ. ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಈ ಕಾಯಿಲೆಯ 198 ಜನರನ್ನು ಮೂರು ಗುಂಪು ಮಾಡಿ, ಒಂದಕ್ಕೆ ಸೂಜಿ, ಒಂದಕ್ಕೆ ವ್ಯಾಯಾಮ ಚಿಕಿತ್ಸೆ ಕೊಟ್ಟು, ಇನ್ನೊಂದನ್ನು ಹಾಗೆಯೇ ಬಿಟ್ಟು ವರ್ಷವಿಡೀ ಗಮನಿಸಿದರು. 2006ರಲ್ಲಿ ಪ್ರಕಟವಾದ ಫಲ ಹೀಗಿತ್ತು: ಆರು ವಾರಕ್ಕೆ ಸೂಜಿಯವರೇ ಎಲ್ಲರಿಗಿಂತ ಮುಂದೆ. ಆದರೆ ಆಮೇಲೆ ಅವರಲ್ಲಿ ಹತ್ತರಲ್ಲಿ ಏಳು ಜನರಿಗೆ ನೋವು ಮರುಕಳಿಸಿತು, ವರ್ಷದ ಕೊನೆಗೆ ವ್ಯಾಯಾಮ ಮಾಡಿದವರಿಗಿಂತ ಹಿಂದೆ ಬಿದ್ದರು. ನೋವು ಅಡಗಿತೆಂದು ಸವೆದ ಹಗ್ಗಕ್ಕೆ ಮತ್ತೆ ತುಂಬಿದ ಕೊಡ ಕಟ್ಟಿದರೆ ಏನಾದೀತು? ಮೇಲಿಂದ ಮೇಲೆ ಈ ಸೂಜಿ ಬಿದ್ದರೆ ಹುರಿಯೇ ದುರ್ಬಲವಾಗುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ಏರುತ್ತದೆ.

ನೋವಿನ ಗುಳಿಗೆಯನ್ನೂ ಅಂಗಡಿಯಿಂದ ತಂದು ವಾರಗಟ್ಟಲೆ ನುಂಗಬಾರದು. ಹೊಟ್ಟೆಯಲ್ಲಿ ಹುಣ್ಣಾಗುತ್ತದೆ. ಬಿಸಿಲಲ್ಲಿ ದುಡಿದು ಮೈಯ ನೀರು ಆರಿದವರಿಗೆ ಮೂತ್ರಪಿಂಡ ಕೆಡುವ ಭಯವೂ ಇದೆ. ಮೇಲೆ ಹಚ್ಚುವ ಮುಲಾಮು ವಾಸಿ. ಎಣ್ಣೆ ಹಚ್ಚಿ ಹಗುರಾಗಿ ತಿಕ್ಕಿದರೆ ಹಿತವಾಗುತ್ತದೆ, ಬೇಡವೆನ್ನುವುದಿಲ್ಲ. ಚುಟಿಗೆ ಹಾಕಿಸುವುದು ಮಾತ್ರ ಸರ್ವಥಾ ಕೂಡದು. ಮೂಲ ನೋವಿಗೆ ಸುಟ್ಟ ಗಾಯವೊಂದು ಸೇರುತ್ತದೆ, ಅಷ್ಟೆ.

ಜೋಮು ಹಿಡಿದರೆ ತಡ ಬೇಡ

ಇದುವರೆಗೆ ಹೇಳಿದ್ದು ಬರೀ ನೋವಿನ ಮಾತು. ಜೋಮು ಹಿಡಿಯುವುದು, ಸ್ಪರ್ಶ ತಿಳಿಯದಿರುವುದು ಬೇರೆಯೇ ಸಂಗತಿ. ಅಲ್ಲಿ ಕೆಟ್ಟಿರುವುದು ನರ.

ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜೋಮು ಹಿಡಿದು, ಎದ್ದು ಕೈ ಕೊಡವಿದರೆ ಹಗುರವಾಗುವುದಾದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ. ಬಸುರಿಯರಲ್ಲಿ, ಸಕ್ಕರೆ ಕಾಯಿಲೆ ಮತ್ತು ಥೈರಾಯ್ಡ್ ತೊಂದರೆ ಇದ್ದವರಲ್ಲಿ ಇದು ಸಾಮಾನ್ಯ. ಮಣಿಕಟ್ಟು ಬಾಗದಂತೆ ರಾತ್ರಿ ಪಟ್ಟಿ ಕಟ್ಟಿಕೊಂಡರೆ ಎಷ್ಟೋ ಜನರಿಗೆ ಕಡಿಮೆಯಾಗುತ್ತದೆ. ಮುದಗಲ್ ಸುತ್ತಿನ ಕಲ್ಲಿನ ಕ್ವಾರಿಗಳಲ್ಲಿ ಕಂಪ್ರೆಸರ್ ಹಿಡಿಯುವವರಿಗೆ ಅದುರಿನಿಂದಲೇ ಬೆರಳು ಮರಗಟ್ಟಬಹುದು. ಕೆಲಸ ಬಿಟ್ಟ ಮೇಲೂ ಜೋಮು ಇಳಿಯದಿದ್ದರೆ ಆ ಯಂತ್ರದಿಂದ ದೂರವಿರುವುದೇ ಮದ್ದು.

ಕಿರುಬೆರಳು, ಉಂಗುರಬೆರಳು ಮರಗಟ್ಟಿದ್ದರೆ ಮೊಣಕೈಯ ಒಳಮಗ್ಗುಲಲ್ಲಿ ಹಾಯುವ ನರವನ್ನು ನೋಡಬೇಕು. ತಾಗಿಸಿಕೊಂಡರೆ ಝುಮ್ಮೆನ್ನುವ ನರ ಅದೇ. ಅದು ದಪ್ಪವಾಗಿದ್ದು, ಬಿಸಿ ತವೆ ತಾಗಿದರೂ ತಿಳಿಯದೆ, ಮೈಮೇಲೆಲ್ಲಾದರೂ ಸ್ಪರ್ಶವಿಲ್ಲದ ಬಿಳುಚು ಮಚ್ಚೆ ಇದ್ದರೆ ಕುಷ್ಠರೋಗವಿರಬಹುದು. ನಾಚಿಕೆಯಿಂದ ಮುಚ್ಚಿಟ್ಟುಕೊಂಡು ಬೆರಳು ಮಡಚಿಕೊಂಡ ಮೇಲೆ ಹೋಗುವವರು ಇಂದಿಗೂ ಇದ್ದಾರೆ. ಔಷಧಿ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ, ರೋಗದ ಹಂತ ನೋಡಿ 6 ಇಲ್ಲವೆ 12 ತಿಂಗಳು ತೆಗೆದುಕೊಂಡರೆ ಪೂರ್ಣ ವಾಸಿಯಾಗುತ್ತದೆ. ನರ ಸೋತು ಆರು ತಿಂಗಳೊಳಗೆ ಹೋದರೆ ಕೈಯ ಬಲ ಮರಳುವ ಸಂಭವವೂ ಉಂಟು. ಆಶಾ ಕಾರ್ಯಕರ್ತೆಯರಿಗೆ ಹೇಳಿದರೂ ಸಾಕು, ದಾರಿ ತೋರಿಸುತ್ತಾರೆ.

ಇನ್ನೆರಡು ಮಾತು. ಎರಡೂ ಕೈಗಳ ಬೆರಳ ಗೆಣ್ಣು ಊದಿ, ಬೆಳಿಗ್ಗೆ ತಾಸುಗಟ್ಟಲೆ ಮಡಚಲಾಗದಿದ್ದರೆ ಅದು ಸಂಧಿವಾತ, ಬೇಗ ಔಷಧಿ ಆರಂಭವಾಗಬೇಕು. ಮೊಣಕೈಯ ಜೊತೆಗೆ ಕುತ್ತಿಗೆ, ಸೊಂಟವೂ ವರ್ಷದಿಂದ ವರ್ಷಕ್ಕೆ ಬಿಗಿಯುತ್ತ ಬಂದಿದ್ದರೆ ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿ. ರಾಯಚೂರು ಜಿಲ್ಲೆಯ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ತಕ್ಕದ್ದಲ್ಲ. ಎದೆ ಒತ್ತಿದಂತಾಗಿ, ಬೆವರು ಕಿತ್ತು, ಎಡಗೈ ಸೆಳೆದರೆ ಅದು ಹೃದಯದ ನೋವು, ಆ ಕ್ಷಣವೇ 108 ವಾಹನ ಕರೆಯಬೇಕು.

ಆರು ವಾರದ ವ್ಯಾಯಾಮಕ್ಕೂ ಬಗ್ಗದ ನೋವಿಗೆ ಲಿಂಗಸುಗೂರು ಇಲ್ಲವೆ ಸಿಂಧನೂರಿನ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲಿಂದ ಕಳಿಸಿದರೆ ರಾಯಚೂರಿನ ರಿಮ್ಸ್ ಆಸ್ಪತ್ರೆ ಇದೆ. ಹೋದಾಗ "ಕೈ ನೋವು" ಎಂದಷ್ಟೇ ಹೇಳಬೇಡಿ. ಯಾವ ಕೆಲಸದಲ್ಲಿ ನೋವು ಏಳುತ್ತದೆ, ಯಾವ ಬೆರಳು ಜೋಮು ಹಿಡಿಯುತ್ತದೆ, ಎಷ್ಟು ದಿನವಾಯಿತು ಎಂದು ಬಿಡಿಸಿ ಹೇಳಿ. ಹಿಂದೆ ಸೂಜಿ ಹಾಕಿಸಿದ್ದರೆ ಆ ಚೀಟಿಯನ್ನೂ ಜೊತೆಗೆ ಒಯ್ಯಿರಿ.