ಮರೆತುಹೋಗುತ್ತಿರುವ ಮಿನಿ ಕಂಪ್ಯೂಟರುಗಳು

ಕೋಣೆ ತುಂಬುತ್ತಿದ್ದ ಮೇನ್‌ಫ್ರೇಮಿಗೂ ಮೇಜಿನ ಮೇಲಿನ ಪರ್ಸನಲ್ ಕಂಪ್ಯೂಟರಿಗೂ ನಡುವಿನ ಗಾತ್ರದ, ಒಂದೆರಡು ಬೀರುಗಳಷ್ಟು ಜಾಗ ಬೇಡುವ ಯಂತ್ರವೇ ಮಿನಿ ಕಂಪ್ಯೂಟರ್. ಅಮೆರಿಕದ ಪಿಡಿಪಿ ಯಂತ್ರಗಳನ್ನು ಹವ್ಯಾಸಿಗಳು ಅಕ್ಕರೆಯಿಂದ ಕೂಡಿಟ್ಟು ಇಂದಿಗೂ ಓಡಿಸುತ್ತಾರೆ. ಭಾರತದಲ್ಲೇ ತಯಾರಾದವುಗಳ ಹೆಸರು ಕೂಡ ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿದಿಲ್ಲ.

ಟ್ರಾಂಬೆಯಲ್ಲಿ ರೂಪುಗೊಂಡ ಟಿಡಿಸಿ-12 ಯಂತ್ರವು 1969ರಲ್ಲಿ ಹೈದರಾಬಾದಿನ ಇಸಿಐಎಲ್ ಸಂಸ್ಥೆಯ ಮೂಲಕ ಬಳಕೆಗೆ ಬಂದಿತು. ಟಿಡಿಸಿ-312, ಟಿಡಿಸಿ-316 ಅದರ ನಂತರದವು. ಐಬಿಎಂ 1978ರಲ್ಲಿ ದೇಶ ಬಿಟ್ಟಾಗ ತೆರವಾದ ಜಾಗಕ್ಕೆ ಬಂದ ದೇಶೀ ತಯಾರಕರಲ್ಲಿ ಬೆಂಗಳೂರಿನ ವಿಪ್ರೊ ಒಂದು. ಅದು 1981ರಲ್ಲಿ ಇಂಟೆಲ್ 8086 ಚಿಪ್ಪಿನ ಮಿನಿ ಕಂಪ್ಯೂಟರನ್ನು ಹೊರತಂದಿತು. ಬ್ಯಾಂಕುಗಳ ಕಂಪ್ಯೂಟರೀಕರಣ ಕುರಿತ 1984ರ ರಂಗರಾಜನ್ ಸಮಿತಿಯು ಶಾಖೆಗಳಿಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರ, ವಲಯ ಕಚೇರಿಗಳಿಗೆ ಮಿನಿ ಕಂಪ್ಯೂಟರ್ ಎಂದು ಸೂಚಿಸಿದಾಗ, ಕಡೂರು, ತರೀಕೆರೆ, ಅಜ್ಜಂಪುರದಂಥ ಊರುಗಳ ಖಾತೆಗಳ ಲೆಕ್ಕಕ್ಕೂ ಇಂಥ ಯಂತ್ರದ ದಾರಿ ತೆರೆಯಿತು.

ಹಳೆಯ ಯಂತ್ರಗಳಲ್ಲಿ ಅತ್ಯಂತ ಸೊಗಸಾದದ್ದು ಕೋರ್ ಸ್ಮೃತಿ: ಸಾಸಿವೆಯಷ್ಟು ಸಣ್ಣ ಫೆರೈಟ್ ಉಂಗುರಗಳನ್ನು ತಂತಿಗಳ ಜಾಲಕ್ಕೆ ಪೋಣಿಸಿ, ಪ್ರತಿ ಉಂಗುರದ ಕಾಂತದಿಕ್ಕಿನಲ್ಲಿ ಒಂದು ಬಿಟ್ ಮಾಹಿತಿ ಇಡುವ ಹೆಣಿಗೆ. 12 ಬಿಟ್ಟಿನ 4096 ಪದಗಳಿಗೆ 49,152 ಉಂಗುರಗಳು ಬೇಕು. ವಿದ್ಯುತ್ ಹೋದರೂ ಅದರ ನೆನಪು ಅಳಿಯದು. ಇಂಥ ಫಲಕಗಳು ತುದಿಯಲ್ಲಿನ ಚಿನ್ನದ ಲೇಪಕ್ಕಾಗಿ ಗುಜರಿಯಲ್ಲಿ ಕರಗಿಹೋಗುವುದು ನಿಜಕ್ಕೂ ದೊಡ್ಡ ನಷ್ಟ.

ಲೋಹದ ಪೆಟ್ಟಿಗೆಗಿಂತ ಕಾಗದ ಮುಖ್ಯವೆಂಬುದನ್ನು ಸಂಗ್ರಾಹಕರು ಮರೆಯಬಾರದು. ಸರ್ಕಿಟ್ ನಕ್ಷೆ, ಕೈಪಿಡಿ, ದುರಸ್ತಿ ಎಂಜಿನಿಯರರ ಟಿಪ್ಪಣಿ ಪುಸ್ತಕ, ಪ್ರೋಗ್ರಾಂ ಇರುವ ಟೇಪು ಇಲ್ಲದಿದ್ದರೆ ಯಂತ್ರ ಬಾಯಿಬಿಡುವುದಿಲ್ಲ. ದುರಸ್ತಿ ಕೆಲಸ ಮಾಡಿ ನಿವೃತ್ತರಾದವರ ಮನೆಯ ಅಟ್ಟದಲ್ಲಿ ಇವು ಸಿಕ್ಕರೆ ಅವರ ಮಾತನ್ನೂ ಧ್ವನಿಮುದ್ರಿಸಿಕೊಳ್ಳಬೇಕು. ತರೀಕೆರೆಯ ಮಲೆನಾಡು ಸೆರಗಿನ ತೇವ ಟೇಪಿನ ಲೇಪವನ್ನು ಅಂಟಾಗಿಸುತ್ತದೆ, ಕಡೂರಿನ ಬಯಲುಸೀಮೆಯ ಧೂಳು ಡಿಸ್ಕಿಗೆ ಹಾನಿಕರ. ಆದುದರಿಂದ ತೇವವಿಲ್ಲದ, ಮುಚ್ಚಿದ ಪೆಟ್ಟಿಗೆ ಬೇಕು. ಸಿಕ್ಕ ಯಂತ್ರಕ್ಕೆ ಕೂಡಲೇ ವಿದ್ಯುತ್ ಕೊಡದೆ, ವರ್ಷಗಳಿಂದ ಕೆಲಸವಿಲ್ಲದೆ ಬಿದ್ದ ಕೆಪಾಸಿಟರುಗಳನ್ನು ಮೊದಲು ಪರೀಕ್ಷಿಸಿ, ವೋಲ್ಟೇಜನ್ನು ಮೆಲ್ಲನೆ ಏರಿಸಬೇಕು.